ರಂಗನತಿಟ್ಟಿನಲ್ಲಿ ಒಂದು ದಿನ

ಬೆಂಗಳೂರಿನ ಪಶ್ಚಿಮದ ಬಡಾವಣೆಗಳಾದ ರಾಜಾಜಿನಗರ, ವಿಜಯನಗರಗಳಿಂದ ಮೈಸೂರಿನ ಕಡೆಗೆ ಹೊರಟವರಿಗೆ ಕೆಂಗೇರಿಯೇ ನಗರದ ಹೊಸ್ತಿಲು. ನಾಯಂಡಹಳ್ಳಿಯನ್ನು ದಾಟಿದ ಮೇಲೆ ವೃಷಭಾವತಿ ನದಿಯು ಹೆದ್ದಾರಿಯ ಬಳಿಯಲ್ಲಿಯೇ ಹರಿಯುತ್ತದೆ. ಅದು ನದಿಯೆಂದರೆ ಹೊಸಬರು ನಂಬಲಾರರು. ನಗರದ ಕೊಳೆಯನ್ನೆಲ್ಲ ಹೊತ್ತು, ಕಪ್ಪಾಗಿ, ನೊರೆಗಟ್ಟಿ ಸಾಗುವ ಅದನ್ನು ಜನರು ಮೋರಿಯೆಂದೇ ಕರೆಯುತ್ತಾರೆ. ನಗರದೊಳಗಿನ ಅನೇಕ ಕೆರೆಗಳ ಗತಿಯೂ ಇದಕ್ಕಿಂತ ಉತ್ತಮವಾಗಲಿಲ್ಲ. ಧರ್ಮಾಂಬುಧಿ ಕೆರೆಯಿದ್ದಲ್ಲಿ ಇಂದು ಬಸ್ಸು ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕ್ರೀಡಾಂಗಣವೆದ್ದಿದೆ. ಕೆರೆಗಳು ಹೋದಾಗ ಅವುಗಳ ಹಕ್ಕಿಗಳು ಎಲ್ಲಿಗೆ ಹೋದವೆಂದು ಕೇಳಿದವರು ಕಡಿಮೆ. ನೀರುಹಕ್ಕಿಯ ಬಾಳಿಗೆ ಏನೇನು ಬೇಕೆಂಬುದನ್ನು ಕಣ್ಣಾರೆ ಕಾಣಬೇಕಾದರೆ ಇದೇ ಹೆದ್ದಾರಿಯಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ, ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಹೋಗಬೇಕು.

ತಿಟ್ಟು ಎಂದರೆ ದಿಬ್ಬ, ಎತ್ತರದ ನೆಲ. ಕಾವೇರಿಯ ಪಾತ್ರದಲ್ಲಿ ನೀರಿನಿಂದ ತಲೆಯೆತ್ತಿ ನಿಂತ ಪುಟ್ಟ ಪುಟ್ಟ ನಡುಗಡ್ಡೆಗಳೇ ರಂಗನತಿಟ್ಟು. ನೋಡಿದವರಿಗೆ ಇದು ಅನಾದಿಕಾಲದಿಂದಲೂ ಹೀಗೆಯೇ ಇದ್ದಿರಬೇಕೆಂದು ತೋರುತ್ತದೆ. ಆದರೆ ಇದರಲ್ಲಿ ಮನುಷ್ಯನ ಕೈಯೂ ಸೇರಿದೆ. 17ನೆಯ ಶತಮಾನದ ಮಧ್ಯಭಾಗದಲ್ಲಿ ಮೈಸೂರಿನ ಅರಸರಾದ ಕಂಠೀರವ ನರಸರಾಜ ಒಡೆಯರು ಇಲ್ಲಿ ಕಾವೇರಿಗೆ ಒಡ್ಡು ಕಟ್ಟಿಸಿದರು. ನಾಲೆಗೆ ನೀರು ತಿರುಗಿಸುವುದು ಅವರ ಉದ್ದೇಶ. ಹಕ್ಕಿಗಳ ಯೋಚನೆ ಅವರಿಗೆ ಇದ್ದಿರಲಾರದು. ಒಡ್ಡಿನ ಹಿಂದೆ ನೀರು ಹರಡಿ ನಿಂತಿತು; ತಗ್ಗುಗಳು ಮುಳುಗಿ ದಿಬ್ಬಗಳು ನಡುಗಡ್ಡೆಗಳಾದವು; ಅವುಗಳ ಮೇಲೆ ಮರಗಳೂ ಬಿದಿರೂ ಬೆಳೆದವು. ಸುತ್ತಲೂ ನೀರಿರುವ ಮರಕ್ಕೆ ಕಾಡುಬೆಕ್ಕು, ನಾಯಿ, ನರಿಗಳು ಸುಲಭವಾಗಿ ಬರಲಾರವು. ಗೂಡು ಕಟ್ಟುವ ಹಕ್ಕಿಗೆ ಇದಕ್ಕಿಂತ ಒಳ್ಳೆಯ ಕೋಟೆ ಯಾವುದು? 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಸಮೀಕ್ಷೆ ಮಾಡುತ್ತಿದ್ದ ಪಕ್ಷಿತಜ್ಞ ಸಲೀಂ ಅಲಿಯವರು ಈ ಸ್ಥಳದ ಮಹತ್ವವನ್ನು ಗುರುತಿಸಿ ಅರಸೊತ್ತಿಗೆಗೆ ಮನವರಿಕೆ ಮಾಡಿಕೊಟ್ಟರು. 1940ರಲ್ಲಿ ಇದು ಪಕ್ಷಿಧಾಮವಾಯಿತು.

ಮಾಘ ಮಾಸದ ಹೊತ್ತಿಗೆ ಇಲ್ಲಿಗೆ ಬಂದು ದೋಣಿಯಲ್ಲಿ ಕುಳಿತರೆ ಮೊದಲು ಕಿವಿಗೆ ಬೀಳುವುದು ಗದ್ದಲ. ಅನಂತರ ಹಿಕ್ಕೆಯ ಘಾಟು ವಾಸನೆ. ಮೂಗು ಮುಚ್ಚಿಕೊಳ್ಳಬೇಕಾಗಿಲ್ಲ, ಆ ಹಿಕ್ಕೆಯೇ ನೀರಿಗೆ ಬಿದ್ದು ಪಾಚಿಗೆ ಗೊಬ್ಬರವಾಗುತ್ತದೆ, ಪಾಚಿಯಿಂದ ಹುಳು, ಹುಳುವಿನಿಂದ ಮೀನು ಬೆಳೆಯುತ್ತವೆ. ಬಂಡೆಗಳ ಮೇಲೆ ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆಗಳು ಮೊದಲ ನೋಟಕ್ಕೆ ಕಲ್ಲಿನ ತುಂಡುಗಳಂತೆಯೇ ಕಾಣುತ್ತವೆ.

ಒಂದೇ ಮರದಲ್ಲಿ ಹಲವು ಜಾತಿಯ ಹಕ್ಕಿಗಳು ಸಂಸಾರ ಹೂಡಿದ್ದರೂ ಊಟದ ವಿಷಯದಲ್ಲಿ ಅವುಗಳಿಗೆ ಜಗಳ ಕಡಿಮೆ. ಅದರ ಗುಟ್ಟು ಕೊಕ್ಕಿನಲ್ಲಿದೆ. ಬಣ್ಣದ ಕೊಕ್ಕರೆಯು ತನ್ನ ಹಳದಿ ಕೊಕ್ಕನ್ನು ಅರ್ಧ ತೆರೆದು ಕೆಸರುನೀರಿನಲ್ಲಿ ಅದ್ದಿಕೊಂಡು ನಡೆಯುತ್ತದೆ. ಕಣ್ಣಿನಿಂದ ಹುಡುಕುವ ಗೋಜಿಲ್ಲ. ಮೀನು ಸೋಕಿದ ಕ್ಷಣವೇ ಕೊಕ್ಕು ಮುಚ್ಚಿಕೊಳ್ಳುತ್ತದೆ. ಚಮಚಕೊಕ್ಕಿನ ಹಕ್ಕಿಯು ಚಪ್ಪಟೆಯಾದ ಕೊಕ್ಕನ್ನು ಕುಡುಗೋಲು ಬೀಸಿದಂತೆ ಅತ್ತಿತ್ತ ಆಡಿಸಿ ಸಣ್ಣ ಜೀವಿಗಳನ್ನು ಬಾಚಿಕೊಳ್ಳುತ್ತದೆ. ಹೆಜ್ಜಾರ್ಲೆಗೆ ಕೊಕ್ಕಿನ ಕೆಳಗೆ ಚರ್ಮದ ಚೀಲವುಂಟು. ಅದು ನೀರಿನೊಡನೆಯೇ ಮೀನನ್ನು ಮೊಗೆದು, ನೀರು ಬಸಿದು, ಮೀನು ನುಂಗುತ್ತದೆ. ಎಲ್ಲಕ್ಕಿಂತ ಸೋಜಿಗದ್ದು ಬಾಯ್ಕಳಕ ಕೊಕ್ಕರೆ. ಅದು ಬಾಯಿ ಮುಚ್ಚಿದರೂ ಕೊಕ್ಕಿನ ನಡುವೆ ಒಂದು ಸಂದಿ ಉಳಿದೇ ಇರುತ್ತದೆ. ಮರಿಗಳಲ್ಲಿ ಈ ಸಂದಿಯಿಲ್ಲ, ಬೆಳೆದಂತೆ ಮೂಡುತ್ತದೆ. ಅದರ ಮುಖ್ಯ ಆಹಾರ ಬಸವನಹುಳು. ಚಿಪ್ಪಿನ ಮುಚ್ಚಳದೊಳಗೆ ಕೊಕ್ಕಿನ ತುದಿಯನ್ನು ತೂರಿಸಿ ಒಳಗಿನ ಮಾಂಸವನ್ನು ಅದು ಬಿಡಿಸಿಕೊಳ್ಳುವ ಚಾತುರ್ಯ ನೋಡತಕ್ಕದ್ದು.

ಮರದ ಮೇಲೆ ಗೂಡಿಲ್ಲದ ಹಕ್ಕಿಯೂ ಇಲ್ಲಿದೆ. ರೀವ ಹಕ್ಕಿಯು ಬೇಸಗೆಯಲ್ಲಿ ನದಿ ಇಳಿದಾಗ ಮೇಲೆದ್ದ ಬಂಡೆ, ಮರಳುದಿಬ್ಬಗಳ ಮೇಲೆ ಬರಿದೇ ಮೊಟ್ಟೆಯಿಡುತ್ತದೆ. ಮೇಲ್ಭಾಗದಲ್ಲಿ ಕೃಷ್ಣರಾಜಸಾಗರದ ಅಣೆಕಟ್ಟೆಯಿದೆ. ಬೆಳೆಗೋ ಕುಡಿಯಲೋ ಒಮ್ಮೆಲೇ ನೀರು ಬಿಟ್ಟರೆ ಆ ಮೊಟ್ಟೆಗಳು ಕೊಚ್ಚಿಹೋಗುತ್ತವೆ. ನೀರು ತೀರ ಇಳಿದರೆ ದಂಡೆಗೂ ನಡುಗಡ್ಡೆಗೂ ನಡುವೆ ಒಣನೆಲ ಮೂಡಿ ಕೋಟೆಯ ಬಾಗಿಲು ತೆರೆದಂತಾಗುತ್ತದೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ನೆರೆ ಉಕ್ಕಿ ದೋಣಿಗಳನ್ನೇ ನಿಲ್ಲಿಸಬೇಕಾಯಿತು. ಹೀಗೆ ಈ ಧಾಮದ ಸುಖದುಃಖಗಳು ಧಾಮದ ಒಳಗಲ್ಲ, ಹೊರಗಿನ ತೂಬುಗಳಲ್ಲಿ ನಿರ್ಧಾರವಾಗುತ್ತವೆ.

ಅನ್ನದ ಮಾತೂ ಹಾಗೆಯೇ. ಗೂಡಿನ ಮರಿಗಳು ಇಡೀ ದಿನ ಬಾಯಿ ಬಿಟ್ಟುಕೊಂಡೇ ಇರುತ್ತವೆ. ಉರಿಬಿಸಿಲಿನಲ್ಲಿ ತಾಯಿಯೋ ತಂದೆಯೋ ರೆಕ್ಕೆ ಬಿಡಿಸಿ ಕೊಡೆ ಹಿಡಿದು ನಿಂತರೆ, ಮತ್ತೊಂದು ಮೇವಿಗೆ ಹೋಗುತ್ತದೆ. ಅಷ್ಟು ಸಾವಿರ ಬಾಯಿಗಳಿಗೆ ಈ ಕಿರಿದಾದ ನದಿಭಾಗದ ಮೀನು ಸಾಲದು. ಅವು ಸುತ್ತಲಿನ ಭತ್ತದ ಗದ್ದೆಗಳಿಗೆ, ಕೆರೆಕಟ್ಟೆಗಳಿಗೆ, ನಾಲೆಗಳಿಗೆ ಹಾರುತ್ತವೆ. ರಂಗನತಿಟ್ಟು ಬಾಣಂತಿಯ ಕೋಣೆಯಷ್ಟೇ, ಅಡುಗೆಮನೆ ಬೇಲಿಯಾಚೆಗಿದೆ. ಅಲ್ಲಿ ಕೆರೆ ಬತ್ತಿದರೆ ಇಲ್ಲಿ ಮರಿ ಹಸಿಯುತ್ತದೆ. ಗದ್ದೆಗೆ ಸುರಿದ ವಿಷವು ಬಸವನಹುಳುವಿನ ಮೂಲಕ ಗೂಡನ್ನು ಮುಟ್ಟೀತು. ಆ ಗದ್ದೆಗಳಿಗೆ ಕಾವಲುಗಾರರಿಲ್ಲ, ಫಲಕವೂ ಇಲ್ಲ. ರೈತನನ್ನು ದೂರುವುದು ಸುಲಭ. ಆದರೆ ಅವನೂ ಅದೇ ಗದ್ದೆಯಿಂದ ತನ್ನ ಮಕ್ಕಳ ಅನ್ನವನ್ನು ತೆಗೆಯಬೇಕಾಗಿದೆ.

ಲೋಕದ ಜೌಗುನೆಲೆಗಳನ್ನು ಕಾಪಾಡಲು 1971ರಲ್ಲಿ ಇರಾನಿನ ರಾಮ್ಸರ್ ಎಂಬ ಊರಿನಲ್ಲಿ ಒಂದು ಒಪ್ಪಂದವಾಯಿತು. 1982ರಲ್ಲಿ ಭಾರತವೂ ಅದಕ್ಕೆ ಸೇರಿತು. ಚಳಿನಾಡುಗಳಲ್ಲಿ ಪಾಚಿಯು ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರಪದರವಾಗಿ ಕೂಡಿ 'ಪೀಟ್' ಎಂಬ ಕಪ್ಪುನೆಲವಾಗುವ ಜೌಗುಗಳಿಂದ ಹಿಡಿದು ನಮ್ಮ ಕೆರೆ, ಅಳಿವೆಗಳವರೆಗೆ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. 2022ರಲ್ಲಿ ರಂಗನತಿಟ್ಟು ಆ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲ ತಾಣವಾಯಿತು. 2024ರಲ್ಲಿ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆಗಳೂ ಸೇರಿದವು.

ಹೊತ್ತು ಇಳಿಯುವಾಗ ದಂಡೆಯ ಮೇಲೆ ಸ್ವಲ್ಪ ಕಾಲ ನಿಲ್ಲಬೇಕು. ಗದ್ದೆಗಳ ಕಡೆಯಿಂದ ಬೆಳ್ಳಕ್ಕಿಗಳು ಸಾಲುಸಾಲಾಗಿ ಮರಳುತ್ತವೆ. ನೀರುಕಾಗೆಗಳು ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತವೆ. ಅವು ಕೊಂಬೆ ಹಿಡಿದು ಕುಳಿತ ಹೊತ್ತಿಗೆ, ಹಗಲೆಲ್ಲ ಎಲೆಗಳ ಮರೆಯಲ್ಲಿ ಕುತ್ತಿಗೆ ಕುಗ್ಗಿಸಿ ತೂಕಡಿಸುತ್ತಿದ್ದ ಇರುಳುಬಕಗಳು ಒಂದೊಂದಾಗಿ ಎದ್ದು, ಒಮ್ಮೆ ಗೊರಕಲು ದನಿಯಲ್ಲಿ ಕೂಗಿ, ಅದೇ ಗದ್ದೆಗಳ ಕಡೆಗೆ ಹೊರಡುತ್ತವೆ.