ಕಮಿಷನ್ನೂ ಕಾಯಕದ ಫಲವೇ

ದಲಾಲಿ ಎಂಬ ಶಬ್ದಕ್ಕೆ ನಮ್ಮ ಜನರಲ್ಲಿ ಅಷ್ಟಾಗಿ ಗೌರವವಿಲ್ಲ. ದುಡಿದವನೊಬ್ಬ, ಉಂಡವನು ಮತ್ತೊಬ್ಬ ಎಂಬ ಭಾವನೆ ಅದಕ್ಕೆ ಅಂಟಿಕೊಂಡಿದೆ. ಆದರೆ ಕೊಳ್ಳುವವರನ್ನು ಹುಡುಕಿ ಮಾರುವವರ ಬಾಗಿಲಿಗೆ ಕರೆತರುವುದೂ ಒಂದು ಶ್ರಮವೇ. ಆ ಶ್ರಮಕ್ಕೆ ನ್ಯಾಯವಾದ ಪ್ರತಿಫಲ ಸಲ್ಲಬೇಕಾದುದು ಧರ್ಮ. ಈ ಮಾತನ್ನು ಇಂದು ಮತ್ತೆ ವಿಚಾರಿಸಬೇಕಾದ ಕಾಲ ಬಂದಿದೆ.

ಧಾರವಾಡ ತಾಲೂಕಿನ ಅಮ್ಮಿನಬಾವಿಯಂಥ ಊರುಗಳ ರೈತರಿಗೆ ಪೇಟೆಯ ಅಡತಿ ಅಂಗಡಿ ಹೊಸದಲ್ಲ. ಈಗ ಅವರ ಮಕ್ಕಳ ಕೈಯಲ್ಲಿರುವ ಮೊಬೈಲಿನಲ್ಲಿ ಇನ್ನೊಂದು ಬಗೆಯ ದಲಾಲಿ ಬಂದಿದೆ. ಒಂದು ಸರಕಿನ ಲಿಂಕನ್ನು ಬಂಧುಬಳಗಕ್ಕೆ ಕಳಿಸುವುದು, ಅದನ್ನು ಒತ್ತಿ ಯಾರಾದರೂ ಸರಕು ಕೊಂಡರೆ ಕಳಿಸಿದವರಿಗೆ ಕಮಿಷನ್ ದೊರೆಯುವುದು. ಇದನ್ನೇ ಅಫಿಲಿಯೇಟ್ ಮಾರ್ಕೆಟಿಂಗ್ ಎನ್ನುತ್ತಾರೆ. ಅಮೆರಿಕದ ಅಮೆಜಾನ್ ಸಂಸ್ಥೆಯು 1996ರಲ್ಲಿ ಇಂಥ ಯೋಜನೆಯನ್ನು ಆರಂಭಿಸಿತು. ಲಿಂಕಿನೊಳಗೆ ಕಳಿಸಿದವರ ಗುರುತು ಅಡಗಿರುವುದರಿಂದ ಗಿರಾಕಿ ಯಾರ ಮೂಲಕ ಬಂದನೆಂಬುದು ಕಂಪನಿಗೆ ತಿಳಿಯುತ್ತದೆ.

ಯಂತ್ರ ಹೊಸದಾದರೂ ಪ್ರಶ್ನೆ ಹಳೆಯದು. ಕಮಿಷನ್ ಎಂಬುದು ಕೊಡುವವನ ಔದಾರ್ಯವೋ, ಪಡೆಯುವವನ ಹಕ್ಕೋ? ಈ ಪ್ರಶ್ನೆಗೆ ನಮ್ಮ ಕನ್ನಡ ನಾಡಿನಲ್ಲಿಯೇ ಹುಟ್ಟಿದ ಒಂದು ಯೋಜನೆಯ ಇತಿಹಾಸದಲ್ಲಿ ಉತ್ತರವಿದೆ.

ಉಡುಪಿಯಲ್ಲಿ 1925ರಲ್ಲಿ ಸ್ಥಾಪನೆಗೊಂಡು ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಡಾ. ಟಿ.ಎಂ.ಎ. ಪೈಯವರು ಅದರ ಸಂಸ್ಥಾಪಕರಲ್ಲಿ ಒಬ್ಬರು. ಬಡವರು ದಿನಕ್ಕೆ 2 ಆಣೆಯಷ್ಟನ್ನಾದರೂ ಉಳಿಸಲೆಂದು ಏಜೆಂಟರು ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಹಣ ಸಂಗ್ರಹಿಸುತ್ತಿದ್ದರು. ಅವರಿಗೆ ಸಂಬಳವಿರಲಿಲ್ಲ, ಸಂಗ್ರಹಿಸಿದ ಹಣದ ಮೇಲೆ ಕಮಿಷನ್ ಮಾತ್ರ. ಬಿಸಿಲೆನ್ನದೆ ಮಳೆಯೆನ್ನದೆ ತಿರುಗಿದ ಆ ಏಜೆಂಟರ ಮೇಲಿನ ನಂಬಿಕೆಯಿಂದಲೇ ಜನ ತಮ್ಮ ಚಿಲ್ಲರೆ ಕಾಸನ್ನು ಬ್ಯಾಂಕಿಗೆ ಒಪ್ಪಿಸಿದರು.

ಕಾಲಾನಂತರದಲ್ಲಿ ವಿವಾದ ಹುಟ್ಟಿತು. ಇವರಿಗೆ ಗೊತ್ತಾದ ಕೆಲಸದ ಹೊತ್ತಿಲ್ಲ, ಬೇರೆ ಉದ್ಯೋಗವನ್ನೂ ಮಾಡಬಲ್ಲರು. ಆದುದರಿಂದ ಇವರು ನೌಕರರಲ್ಲ ಎಂಬುದು ಬ್ಯಾಂಕುಗಳ ವಾದವಾಗಿತ್ತು. ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಯು 1988ರಲ್ಲಿ ಏಜೆಂಟರ ಪರವಾಗಿ ತೀರ್ಪಿತ್ತಿತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2001ರ ಫೆಬ್ರುವರಿಯಲ್ಲಿ ಆ ನ್ಯಾಯಾಲಯವು ಠೇವಣಿ ಸಂಗ್ರಾಹಕರು ಕಾರ್ಮಿಕರೇ ಹೌದು, ಅವರು ಪಡೆಯುವ ಕಮಿಷನ್ ಕೂಡ ವೇತನವೇ ಎಂದು ಸಾರಿತು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಆ ತೀರ್ಪಿನ ತಿರುಳು ಹಳತಾಗಿಲ್ಲ.

ಮೊಬೈಲಿನಲ್ಲಿ ಲಿಂಕ್ ಕಳಿಸುವವರೆಲ್ಲ ಈ ತೀರ್ಪಿನಿಂದಲೇ ಕಾರ್ಮಿಕರಾಗಿಬಿಡರು. ಕಾಯಿದೆಯ ಮಾತು ಬೇರೆ, ನೀತಿಯ ಮಾತು ಬೇರೆ. ತಮ್ಮ ಪರಿಚಯ, ತಮ್ಮ ಮಾತಿನ ಮೇಲಿನ ವಿಶ್ವಾಸ ಇವುಗಳನ್ನು ಒತ್ತೆಯಿಟ್ಟು ಗಿರಾಕಿಯನ್ನು ತಂದವರಿಗೆ ಸಲ್ಲುವ ಹಣ ಭಿಕ್ಷೆಯಲ್ಲ ಎಂಬುದು ಎರಡೂ ಕಡೆಗೆ ಒಪ್ಪುವ ಮಾತು.

ಕೊಡುವವರ ಸ್ಥಾನದಲ್ಲಿ ನಮ್ಮ ಮನೆತನಗಳೂ ಇರಬಹುದು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಗಿರಾಕಿಗಳನ್ನು ತಂದವರಿಗೆ ಶೇಕಡಾ 10 ಕೊಡುವೆವೆಂದು ಅವರು ಹೇಳಿದ್ದಾರೆ. ಒಬ್ಬ ತಾಯಿ 40 ಜನರನ್ನು ತಂದರು. ಪ್ರತಿಯೊಬ್ಬರೂ 500 ರೂಪಾಯಿಯ ಸರಕು ಕೊಂಡರು. 4 ಜನ ಹಿಂತಿರುಗಿಸಿದರು. ಉಳಿದ 36 ಜನರ ಲೆಕ್ಕದಲ್ಲಿ ತಲಾ 50ರಂತೆ 1,800 ರೂಪಾಯಿ ಆ ತಾಯಿಗೆ ಸಲ್ಲಬೇಕು. ಆದರೆ ಹಿಂತಿರುಗಿದ ಸರಕಿಗೆ ಕಮಿಷನ್ ಇಲ್ಲವೆಂಬುದನ್ನು ಮೊದಲೇ ಹೇಳಿರದಿದ್ದರೆ ಆಕೆ 2,000 ಎಣಿಸಿಕೊಂಡಿರುತ್ತಾರೆ. 200 ರೂಪಾಯಿಗಾಗಿ ಎರಡು ಮನೆಗಳ ಸ್ನೇಹ ಕೆಡುತ್ತದೆ. ಆದಕಾರಣ ಶೇಕಡಾ ಎಷ್ಟು, ಯಾವ ಮೊತ್ತದ ಮೇಲೆ, ಯಾವ ದಿನ, ಹಿಂತಿರುಗಿದರೆ ಏನು ಎಂಬ ನಾಲ್ಕು ಮಾತುಗಳನ್ನು ಮೊದಲೇ ಬರೆದುಕೊಳ್ಳಬೇಕು. ಸರಕು ಹಿಂತಿರುಗಿಸುವ ಅವಧಿ ಮುಗಿಯುವವರೆಗೆ ಕಮಿಷನ್ನನ್ನು ತಡೆಹಿಡಿಯುವುದು ತಪ್ಪಲ್ಲ. ಅವಧಿ ಮುಗಿದ ಮೇಲೂ ಹಿಡಿದಿಟ್ಟುಕೊಳ್ಳುವುದು ತಪ್ಪು.

ಪಡೆಯುವವರಿಗೂ ಕರ್ತವ್ಯಗಳುಂಟು. ಹಣ ಪಡೆದು ಸರಕನ್ನು ಹೊಗಳುವವರು ಆ ಸಂಬಂಧವನ್ನು ಬಚ್ಚಿಡಬಾರದೆಂದು ಕೇಂದ್ರ ಸರಕಾರದ 2022ರ ಜೂನ್ ತಿಂಗಳ ಜಾಹೀರಾತು ಮಾರ್ಗಸೂಚಿಗಳು ವಿಧಿಸಿವೆ. "ಇದನ್ನು ಕೊಂಡರೆ ನನಗೂ ಸ್ವಲ್ಪ ಹಣ ಬರುತ್ತದೆ" ಎಂದು ನೆರೆಮನೆಯವರಿಗೆ ಹೇಳಲು ನಾಚುವ ಕಾರಣವಿಲ್ಲ; ಮುಚ್ಚಿಟ್ಟರೆ ಮಾತ್ರ ನಾಚಿಕೆ. ಕಂಪನಿಗಳು ವರ್ಷಕ್ಕೆ 20,000 ರೂಪಾಯಿ ಮೀರಿದ ಕಮಿಷನ್ನಿನಲ್ಲಿ ಆದಾಯ ತೆರಿಗೆಯನ್ನು ಮುರಿದುಕೊಳ್ಳುತ್ತವೆ. ಶೇಕಡಾ 5 ಇದ್ದ ಈ ದರವು 2024ರ ಅಕ್ಟೋಬರ್ 1ರಿಂದ ಶೇಕಡಾ 2ಕ್ಕೆ ಇಳಿಯಿತು. ಹೀಗೆ ಮುರಿದ ಹಣ ಪಡೆಯುವವರ ತೆರಿಗೆ ಲೆಕ್ಕದಲ್ಲಿ ಜಮೆಯಾಗುತ್ತದೆ. ಆದುದರಿಂದ ಚೀಟಿಗಳನ್ನು ಜೋಪಾನವಾಗಿಡಬೇಕು.

ಇನ್ನೊಂದು ಎಚ್ಚರಿಕೆಯ ಮಾತು. ಸರಕು ಮಾರಿದ್ದಕ್ಕೆ ಬರುವುದು ಕಮಿಷನ್. ಜನರನ್ನು ಸೇರಿಸಿ, ಅವರಿಂದ ಪ್ರವೇಶದ ಹಣ ಕಟ್ಟಿಸಿ, ಅದರಲ್ಲೇ ಪಾಲು ಹಂಚುವುದು ಕಮಿಷನ್ ಅಲ್ಲ. ಅಂಥ ಪಿರಮಿಡ್ ಯೋಜನೆಗಳನ್ನು 2021ರ ಡಿಸೆಂಬರ್ ತಿಂಗಳ ನೇರ ಮಾರಾಟ ನಿಯಮಗಳು ನಿಷೇಧಿಸಿವೆ. ದುಡಿಮೆ ಕೊಡುವೆನೆಂದು ಮೊದಲು ನಿಮ್ಮಿಂದಲೇ ಹಣ ಕೇಳುವವರಿಂದ ದೂರವಿರುವುದು ಲೇಸು.

ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ತಂದ ಪತಿ ಮಾರಯ್ಯನನ್ನು ಮರಳಿ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಮನೆಮನೆಗೂ ತಿಳಿದದ್ದು. ಸಲ್ಲದ್ದನ್ನು ಪಡೆಯಬಾರದೆಂಬುದು ಆ ಶರಣೆ ಕಲಿಸಿದ ಪಾಠ. ಸಲ್ಲಬೇಕಾದುದನ್ನು ತಡೆಯಬಾರದೆಂಬುದು ಅದೇ ಪಾಠದ ಮತ್ತೊಂದು ಮುಖ. ಕೊಡುವ ಕೈ, ಪಡೆಯುವ ಕೈ ಎರಡೂ ಶುದ್ಧವಾಗಿದ್ದರೆ ದಲಾಲಿಯೂ ಕಾಯಕವಾಗುತ್ತದೆ. ನಮ್ಮ ತರುಣರು, ತಾಯಂದಿರು ಈ ಹೊಸ ದುಡಿಮೆಯನ್ನು ಲೆಕ್ಕದ ಪುಸ್ತಕ ತೆರೆದಿಟ್ಟೇ ನಡೆಸಲೆಂದು ಹಾರೈಸುತ್ತೇವೆ.