ಹಳೆಯ ವಾಹನದ ಬ್ರೇಕ್: ದುರಸ್ತಿಗೆ ಮುನ್ನ ಪರೀಕ್ಷೆ

ಅಂಬಾಸಿಡರ್ ತಯಾರಿಕೆ 2014ರಲ್ಲಿಯೂ ಮಾರುತಿ ಓಮ್ನಿಯ ತಯಾರಿಕೆ 2019ರಲ್ಲಿಯೂ ನಿಂತುಹೋದರೂ ಇಂಥ ವಾಹನಗಳನ್ನೇ ನೆಚ್ಚಿಕೊಂಡ ವರ್ತಕರು ನಮ್ಮಲ್ಲಿ ಇನ್ನೂ ಇದ್ದಾರೆ. ಸವಕಳಿ ಕಳೆದು ಲೆಕ್ಕಪುಸ್ತಕದಲ್ಲಿ ಅವುಗಳ ಬೆಲೆ ಅತ್ಯಲ್ಪಕ್ಕಿಳಿದಿರಬಹುದು. ಹೊರುವ ಭಾರ ಮಾತ್ರ ಇಳಿದಿರುವುದಿಲ್ಲ.

ಬ್ರೇಕ್ ಹಿಡಿಯುತ್ತಿಲ್ಲವೆಂದ ಕೂಡಲೇ ಲೈನರ್ ಬದಲಾಯಿಸಿ ಬಿಲ್ಲು ಬರೆಯುವುದು ಅನೇಕ ಗ್ಯಾರೇಜುಗಳ ಪದ್ಧತಿ. ದೋಷವನ್ನು ಮೊದಲು ತಿಳಿಸುವುದಾದರೋ ಪೆಡಲ್. ಎಂಜಿನ್ ಆರಿಸಿ, ಪೆಡಲನ್ನು ನಾಲ್ಕಾರು ಬಾರಿ ತುಳಿದು, ಬಳಿಕ ಅರ್ಧ ನಿಮಿಷ ಒಂದೇ ಸಮನೆ ಒತ್ತಿ ಹಿಡಿಯಬೇಕು. ಅದು ಮೆಲ್ಲಗೆ ಕೆಳಗಿಳಿದರೆ ದ್ರವ ಎಲ್ಲಿಯೋ ಸೋರುತ್ತಿದೆ. ಚಕ್ರಗಳ ಒಳಮೈ, ಕೊಳವೆಗಳು ಒಣಗಿದ್ದು ಡಬ್ಬಿಯಲ್ಲಿನ ಮಟ್ಟವೂ ಕುಗ್ಗದಿದ್ದಲ್ಲಿ, ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಕಪ್ ಸವೆದಿರುವ ಸಂಭವವೇ ಹೆಚ್ಚು. ಹೊಸ ಲೈನರಿನಿಂದ ಇದು ಸರಿಹೋಗದು.

ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಸಾಮಾನ್ಯವಾಗಿ ಗಾಳಿ ಸೇರಿರುತ್ತದೆ. ವಾಹನ ಒಂದು ಪಕ್ಕಕ್ಕೆ ಎಳೆದರೆ ಎದುರು ಪಕ್ಕದ ಚಕ್ರದ ಸಿಲಿಂಡರ್ ಕಚ್ಚಿಕೊಂಡಿರಬಹುದು.

ಬ್ರೇಕ್ ಆಯಿಲ್ ಎಂಬುದು ವಾಡಿಕೆಯ ಹೆಸರು. ವಾಸ್ತವವಾಗಿ ಅದು ಗಾಳಿಯ ತೇವವನ್ನು ಹೀರುವ ಗ್ಲೈಕಾಲ್ ದ್ರವ. ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಉಬ್ಬಿ ಇಡೀ ವ್ಯವಸ್ಥೆ ಕೆಡುತ್ತದೆ. ಡಾಟ್ 3 ದ್ರವಕ್ಕೆ ನಿಗದಿಯಾದ ಕನಿಷ್ಠ ಕುದಿಬಿಂದು ಹೊಸತಿದ್ದಾಗ 205 ಡಿಗ್ರಿ ಸೆಲ್ಸಿಯಸ್. ತೇವ ಹೀರಿದಾಗ 140 ಡಿಗ್ರಿ ಮಾತ್ರ. ಸರಕು ತುಂಬಿ ಶಿರಾಡಿ ಅಥವಾ ಚಾರ್ಮಾಡಿ ಘಾಟಿಯನ್ನು ಇಳಿಯುವಾಗ ಕಾದ ದ್ರವ ಕುದಿದು ಆವಿಯ ಗುಳ್ಳೆಗಳೆದ್ದರೆ, ಮೇಲೆ ಗಟ್ಟಿಯಾಗಿದ್ದ ಪೆಡಲ್ ಅರ್ಧ ದಾರಿಯಲ್ಲಿ ತಳ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿ ಬದಲಿಸುವ ಖರ್ಚು ಇದರ ಮುಂದೆ ಯಾವ ಲೆಕ್ಕ?

ಬಿಲ್ಲಿನಲ್ಲಿ ‘ಬ್ರೇಕ್ ಕೆಲಸ’ ಎಂದಷ್ಟೇ ಇದ್ದರೆ, ಯಾವ ಭಾಗ, ಯಾವ ಚಕ್ರ ಎಂಬುದನ್ನು ಬರೆಸಿಕೊಂಡು, ತೆಗೆದ ಹಳೆಯ ಭಾಗವನ್ನೂ ಕೇಳಿ ಪಡೆಯತಕ್ಕದ್ದು.