ಚಿಮುಟದ ಮೇಲೆ ಸಂಶಯ, ಕುಲುಮೆಯ ಸಾಕ್ಷಿ

ಜಿಂಕ್ ಆಕ್ಸೈಡ್ ಎಂಬ ಬಿಳಿ ಪುಡಿಗೂ ಅಯಸ್ಕಾಂತಕ್ಕೂ ಸಂಬಂಧವೇ ಇರಲಿಲ್ಲ. ಅದಕ್ಕೆ ಒಂದಿಷ್ಟು ಮ್ಯಾಂಗನೀಸ್ ಸೇರಿಸಿದರೆ ಕೋಣೆಯ ಉಷ್ಣತೆಯಲ್ಲೇ ಕಾಂತತ್ವ ಬರಬಹುದೆಂದು 2000ದಲ್ಲಿ ಪೋಲೆಂಡಿನ ದೀತ್ಲ್ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದರು. ಅರೆವಾಹಕವೂ ಅಯಸ್ಕಾಂತವೂ ಒಂದೇ ವಸ್ತುವಾದರೆ ಯಾರಿಗೆ ಬೇಡ? ಜಗತ್ತಿನ ಪ್ರಯೋಗಾಲಯಗಳೆಲ್ಲ ಮುಗಿಬಿದ್ದವು. ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಸಿಗಲಿಲ್ಲ.

2004ರಲ್ಲಿ ಡಬ್ಲಿನ್ನಿನಿಂದ ವಿಚಿತ್ರ ಸುದ್ದಿ ಬಂತು. ಏನನ್ನೂ ಬೆರೆಸದ ಹ್ಯಾಫ್ನಿಯಂ ಆಕ್ಸೈಡಿನ ತೆಳುಪದರದಲ್ಲೇ ಕಾಂತತ್ವ! ಮರುವರ್ಷ ಐಬಿಎಂ ಸಂಶೋಧಕರು ಅದಕ್ಕೆ ತಣ್ಣೀರೆರಚಿದರು. ಅವರ ಪದರಗಳು ಕಾಂತತ್ವ ತೋರಿದ್ದು ಉಕ್ಕಿನ ಚಿಮುಟ ತಾಗಿದಾಗ ಮಾತ್ರ.

ಅದೇ 2005ರಲ್ಲಿ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಮತ್ತು ದೀಪಕ್, ಮ್ಯಾಂಗನೀಸ್ ಹಾಗೂ ಕೋಬಾಲ್ಟ್ ಬೆರೆಸಿದ ಜಿಂಕ್ ಆಕ್ಸೈಡನ್ನು ಪರೀಕ್ಷಿಸಿದರು. ನಿರೀಕ್ಷಿಸಿದ ಕಾಂತತ್ವ ಸಿಗಲಿಲ್ಲ. ಸಿಗಲಿಲ್ಲವೆಂದೇ ಪ್ರಕಟಿಸಿದರು.

ಮುಂದಿನ ಸರದಿ ಅದೇ ಕೇಂದ್ರದ ಎ. ಸುಂದರೇಶನ್, ರಾವ್ ಮತ್ತು ಜೊತೆಗಾರರದು. ಈ ಸಲ ಬೆರಕೆಯೇ ಇಲ್ಲದ ಆಕ್ಸೈಡುಗಳು: ಸೀರಿಯಂ, ಅಲ್ಯೂಮಿನಿಯಂ, ಜಿಂಕ್, ಇಂಡಿಯಂ, ತವರ. ಕಣಗಳ ಗಾತ್ರ 7ರಿಂದ 30 ನ್ಯಾನೋಮೀಟರ್. ಕಾಂತಕ್ಷೇತ್ರವನ್ನು ಏರಿಸಿ ಇಳಿಸಿದಾಗ ನಕ್ಷೆಯ ಗೆರೆ ಹೋದ ದಾರಿಯಲ್ಲಿ ಹಿಂದಿರುಗಲಿಲ್ಲ. ನಡುವೆ ಸಣ್ಣದೊಂದು ಕುಣಿಕೆ ಮೂಡಿತು. ಅದು ಕಾಂತತ್ವದ ಗುರುತು. ಐದೂ ಪುಡಿಗಳಲ್ಲಿ ಅದೇ ಕತೆ!

ಕಲಬೆರಕೆಯೇ? ಕಾಂತೀಯ ಕಲ್ಮಶ ಕಾಣಲಿಲ್ಲ. ಆಗ ಪುಡಿಯನ್ನು ಕುಲುಮೆಗೆ ಹಾಕಿ, ಗಾಳಿಯಲ್ಲಿ ಅಥವಾ ಆಮ್ಲಜನಕದಲ್ಲಿ ಚೆನ್ನಾಗಿ ಕಾಯಿಸಿದರು. ಕಣಗಳು ಒಂದಕ್ಕೊಂದು ಬೆಸೆದು ದಪ್ಪಗಾದವು. ಮತ್ತೆ ಅಳೆದಾಗ ಕುಣಿಕೆ ಮಾಯವಾಗಿತ್ತು. ವಸ್ತು ಅದೇ, ಬದಲಾದದ್ದು ಗಾತ್ರ.

ಗುಟ್ಟು ಹೊರಮೈಯಲ್ಲಿದೆ ಎಂದು ತಂಡ ಊಹಿಸಿತು. ನಂಜನಗೂಡು ಹಲ್ಲುಪುಡಿಯಂತೆ ಯಾವುದನ್ನೇ ಆಗಲಿ ನುಣ್ಣಗೆ ಮಾಡಿದಷ್ಟೂ ಹೊರಮೈ ಹೆಚ್ಚುತ್ತದೆ. ನ್ಯಾನೋಕಣದಲ್ಲಿ ಪರಮಾಣುಗಳ ಗಣನೀಯ ಪಾಲು ಅಲ್ಲೇ ಇರುತ್ತದೆ. ಅಲ್ಲಲ್ಲಿ ಆಮ್ಲಜನಕ ಬಿಟ್ಟುಹೋದ ಖಾಲಿ ಜಾಗಗಳಲ್ಲಿ ಉಳಿಯುವ ಇಲೆಕ್ಟ್ರಾನುಗಳು ಪುಟ್ಟ ಅಯಸ್ಕಾಂತಗಳಾಗಿ, ಒಂದನ್ನೊಂದು ಪ್ರಭಾವಿಸಿ ಒಂದೇ ದಿಕ್ಕಿಗೆ ತಿರುಗುತ್ತವೆ ಎಂಬುದು ಅವರ ವಿವರಣೆ. ಕಣ ದಪ್ಪಗಾದರೆ ಹೊರಮೈಯ ಪಾಲೂ ತಗ್ಗುತ್ತದೆ, ಆ ಖಾಲಿ ಜಾಗಗಳೂ ತಗ್ಗುತ್ತವೆ.

ಲೋಹದ ಆಕ್ಸೈಡುಗಳ ನ್ಯಾನೋಕಣಗಳಿಗೆಲ್ಲ ಇದು ಸಾಮಾನ್ಯ ಗುಣವಿರಬಹುದೆಂದು 2006ರಲ್ಲಿ 'ಫಿಸಿಕಲ್ ರಿವ್ಯೂ ಬಿ' ಪತ್ರಿಕೆಯಲ್ಲಿ ತಂಡ ಬರೆಯಿತು. ಕಾರಣದ ಬಗ್ಗೆ ವಾದ ಅಲ್ಲಿಗೆ ಮುಗಿಯಲಿಲ್ಲ. ಆದರೆ ವಸ್ತು ಯಾವುದೆಂದು ಗೊತ್ತಿದ್ದರೆ ಸಾಲದು, ಅದರ ಕಣ ಎಷ್ಟು ಸಣ್ಣದೆಂದೂ ಕೇಳಬೇಕೆಂಬುದು ಖಚಿತವಾಯಿತು.